ಬಾಡಿಗೆ ಕಟ್ಟಲಾಗದಾಗ: ಬ್ಯಾಲಂಟೈನ್ ಕನ್ನಡಿಗರಿಗೆ ಮಾಹಿತಿ



ಕೋವಿಡ್‌ನಿಂದ ಆದಾಯ ಕಳೆದುಕೊಂಡ ಬಾಡಿಗೆದಾರರ ನೆರವಿಗೆ ಅಮೆರಿಕದ ಕಾಂಗ್ರೆಸ್ 2020ರ ಡಿಸೆಂಬರ್‌ನಲ್ಲಿ 2,500 ಕೋಟಿ ಡಾಲರ್, 2021ರ ಮಾರ್ಚ್‌ನಲ್ಲಿ ಮತ್ತೆ 2,155 ಕೋಟಿ ಡಾಲರ್ ಮಂಜೂರು ಮಾಡಿತು. ನಮ್ಮ ಷಾರ್ಲಟ್‌ನಲ್ಲಿ ಇದು ‘ರ‍್ಯಾಂಪ್’ ಯೋಜನೆಯ ಮೂಲಕ ಜನರಿಗೆ ತಲುಪಿತು. ಇದು ಸಾಲವಾಗಿರಲಿಲ್ಲ, ಬಾಡಿಗೆದಾರರು ಇದಕ್ಕೆ ಆದಾಯ ತೆರಿಗೆ ಕಟ್ಟಬೇಕಿರಲಿಲ್ಲ. ಅಮೆರಿಕದ ಪೌರತ್ವ ಇರಲೇಬೇಕೆಂದು ಆ ಕೇಂದ್ರ ಕಾನೂನು ಹೇಳಿರಲಿಲ್ಲ. ಆದರೂ ವೀಸಾದ ಭಯ, ನಾಲ್ಕು ಜನ ಏನೆಂದಾರು ಎಂಬ ಸಂಕೋಚ ನಮ್ಮವರನ್ನು ಸುಮ್ಮನಿರಿಸುವುದುಂಟು.

ಆ ಕೇಂದ್ರ ನೆರವಿನ ಅವಧಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಈಗ ಕೆಲಸ ಹೋದರೆ ಹೀಗೆ ಮಾಡಿ:

1. ಬಾಡಿಗೆ ಬಾಕಿಯಾಗುವ ಮೊದಲೇ ಮನೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ.

2. 2-1-1ಕ್ಕೆ ಫೋನ್ ಮಾಡಿ. ಷಾರ್ಲಟ್‌ನ ಕ್ರೈಸಿಸ್ ಅಸಿಸ್ಟೆನ್ಸ್ ಮಿನಿಸ್ಟ್ರಿಯಲ್ಲೂ ವಿಚಾರಿಸಿ.

3. ಕೋರ್ಟಿನ ಕಾಗದ ಬಂದರೆ ತಪ್ಪದೆ ಹಾಜರಾಗಿ. ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ 10 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಇತ್ಯರ್ಥವಾಗುವವರೆಗೆ ಮನೆಯಲ್ಲಿ ಉಳಿಯಲು ಬಾಡಿಗೆಯನ್ನು ಕೋರ್ಟಿಗೆ ಕಟ್ಟುತ್ತಿರಬೇಕು.

4. ಕೋರ್ಟಿನ ಆದೇಶವಿಲ್ಲದೆ ಮಾಲೀಕರು ತಾವೇ ಬೀಗ ಬದಲಿಸಿ ನಿಮ್ಮನ್ನು ಹೊರಹಾಕುವಂತಿಲ್ಲ.

ತೆರವಿನ ಮೊಕದ್ದಮೆ ದಾಖಲೆಯಲ್ಲಿ ಉಳಿದರೆ ಮುಂದೆ ಬೇರೆ ಮನೆ ಸಿಗುವುದೇ ಕಷ್ಟ. ಆದ್ದರಿಂದ ನೆರವು ಕೇಳಲು ನಾಚಿಕೊಳ್ಳಬೇಡಿ ಎಂದು ನಮ್ಮ ವಿನಂತಿ.