ಬೇಡ ಎನ್ನಲೂ ಒಂದು ಗುಂಡಿ

ಕೇಳುವುದರಲ್ಲಿ ಎರಡು ಬಗೆ. "ಇನ್ನೂ ಸ್ವಲ್ಪ ಬಡಿಸಲೇ?" ಎಂದು ಕೇಳಿ ಉತ್ತರಕ್ಕಾಗಿ ಕಾಯುವುದು ಒಂದು. ಕೇಳುತ್ತಲೇ ಎಲೆಗೆ ಸುರಿದುಬಿಡುವುದು ಇನ್ನೊಂದು. ಪಂಕ್ತಿಯಲ್ಲಿ ಕುಳಿತಾಗ ಎರಡನೆಯದನ್ನು ಉಪಚಾರವೆಂದು ಸಹಿಸಿಕೊಳ್ಳುತ್ತೇವೆ. ಬದುಕಿನ ಉಳಿದ ಕಡೆಗಳಲ್ಲಿ ಹಾಗೆ ಸಹಿಸುವುದು ಕಷ್ಟ. ಕಂಪ್ಯೂಟರಿನ ಪರದೆಯ ಮೇಲೆ ಪುಟ್ಟ ಚೌಕವೊಂದು ಮೂಡಿ "ಹೌದು", "ಬೇಡ" ಎಂಬ ಎರಡು ಗುಂಡಿಗಳನ್ನು ಮುಂದಿಡುತ್ತದಲ್ಲ, ಆ ಚೌಕದ ಚರಿತ್ರೆಯೂ ಈ ಎರಡು ಬಗೆಗಳ ನಡುವಿನ ಕಥೆಯೇ ಎಂದು ನನಗೆ ಅನ್ನಿಸುತ್ತದೆ.

ಯುನಿಕ್ಸ್ ಎಂಬ ವ್ಯವಸ್ಥೆ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅದರ ಮುಖ್ಯ ಕರ್ತೃಗಳು. ಅದರೊಡನೆ ಮಾತಾಡಬೇಕಾದರೆ 'ಶೆಲ್' ಎಂಬ ಕಾರ್ಯಕ್ರಮದ ಮುಂದೆ ಕುಳಿತು ಆಜ್ಞೆಗಳನ್ನು ಟೈಪ್ ಮಾಡಬೇಕು. ಮತ್ತೆ ಮತ್ತೆ ಬೇಕಾಗುವ ಆಜ್ಞೆಗಳನ್ನು ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟರೆ ಅದೇ ಶೆಲ್ ಸ್ಕ್ರಿಪ್ಟ್. ಅಡುಗೆಯವರ ಕೈಗೆ ಕೊಟ್ಟ ಚೀಟಿಯ ಹಾಗೆ, ಯಂತ್ರ ಅದನ್ನು ಮೇಲಿನಿಂದ ಕೆಳಕ್ಕೆ ಓದಿಕೊಂಡು ಕೆಲಸ ಮಾಡುತ್ತಾ ಹೋಗುತ್ತದೆ.

ಯುನಿಕ್ಸ್ ಬಲು ಮಿತಭಾಷಿ. ಕೆಲಸ ಸರಿಯಾಗಿ ಮುಗಿದರೆ ತುಟಿ ಬಿಚ್ಚುವುದಿಲ್ಲ. ಕಡತವನ್ನು ಅಳಿಸು ಎಂದರೆ ಅಳಿಸಿ ಸುಮ್ಮನಾಗುತ್ತದೆ. "ನಿಜವಾಗಿಯೂ ಅಳಿಸಲೇ?" ಎಂದು ಅದು ಕೇಳಬೇಕಾದರೆ, ಹಾಗೆ ಕೇಳು ಎಂದು ನಾವೇ ಬೇರೆಯಾಗಿ ಹೇಳಿರಬೇಕು. ತಿಳಿದವರು ತಿಳಿದವರಿಗಾಗಿ ಕಟ್ಟಿದ ಮನೆ ಅದು. ಒಳಗಿದ್ದವರಿಗೆ ಈ ಮೌನ ಹಿತವಾಗಿತ್ತು. ಹೊಸ್ತಿಲಲ್ಲಿ ನಿಂತವರಿಗೆ ಮಾತ್ರ ಅದು ಮುಚ್ಚಿದ ಬಾಗಿಲಿನಂತೆ ಕಂಡಿತು.

ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಹೊರತಂದ ಮೇಲೆ ಹೊಸ್ತಿಲಲ್ಲಿ ನಿಂತವರ ಸಂಖ್ಯೆ ಹೆಚ್ಚಿತು. ಮನೆಯ ಕಂಪ್ಯೂಟರಿಗೆ ಅದನ್ನು ಹಾಕಿಕೊಳ್ಳುವ ಆಸೆ ಹಲವರಿಗೆ. ಆಜ್ಞೆಗಳು ಗೊತ್ತಿದ್ದುದು ಕೆಲವರಿಗೆ. ಆಗ ಹಾಂಗ್‌ಕಾಂಗಿನ ಚೀನೀ ವಿಶ್ವವಿದ್ಯಾಲಯದಲ್ಲಿದ್ದ ಸಾವಿಯೋ ಲಾಮ್ ಎಂಬಾತ 1993-94ರ ಸುಮಾರಿಗೆ 'ಡೈಲಾಗ್' ಎಂಬ ಸಣ್ಣ ಉಪಕರಣವೊಂದನ್ನು ಬರೆದ. ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ಬರಿಯ ಅಕ್ಷರಗಳಿದ್ದ ಪರದೆಯ ನಡುವೆ ಚೌಕ ಮೂಡಿ ಪ್ರಶ್ನೆ ಕೇಳುತ್ತಿತ್ತು. ಬಾಣದ ಕೀಲಿಯಿಂದ ಆಯ್ದುಕೊಂಡು ಎಂಟರ್ ಒತ್ತಿದರಾಯಿತು. ಪ್ಯಾಟ್ರಿಕ್ ವೋಲ್ಕರ್ಡಿಂಗ್ 1993ರಲ್ಲಿ ಹೊರತಂದಿದ್ದ ಸ್ಲಾಕ್‌ವೇರ್ ಎಂಬ ಲಿನಕ್ಸ್ ಆವೃತ್ತಿಯ ಅನುಸ್ಥಾಪನೆಗೆ ಇಂಥ ಚೌಕಗಳೇ ದಾರಿ ತೋರಿಸುವ ಕೈಮರಗಳಾದವು.

ಮುಂದಿನ ಹೆಜ್ಜೆ ಜರ್ಮನಿಯದು. 1996ರ ಅಕ್ಟೋಬರಿನಲ್ಲಿ ಮಥಿಯಾಸ್ ಎಟ್ರಿಕ್ ಎಂಬ ವಿದ್ಯಾರ್ಥಿ ಕೆಡಿಇ ಯೋಜನೆಯನ್ನು ಸಾರಿದಾಗ, ತನ್ನ ಗುರಿ ಪರಿಣತರಲ್ಲ, ದಿನನಿತ್ಯ ಯಂತ್ರ ಬಳಸುವ ಸಾಮಾನ್ಯರು ಎಂದು ಸ್ಪಷ್ಟವಾಗಿ ಹೇಳಿದ. ಮರುವರ್ಷ ಗ್ನೋಮ್ ಯೋಜನೆ ಶುರುವಾಯಿತು. ಕಿಟಕಿ, ಚಿತ್ರ, ಮೌಸ್ ಎಲ್ಲವೂ ಬಂದವು. ಪ್ರಶ್ನೆಯ ಚೌಕವೂ ಹೊಸ ಉಡುಪು ತೊಟ್ಟಿತು: ಕೆಡಿಇಯಲ್ಲಿ 'ಕೆಡೈಲಾಗ್' ಬಂತು, ಗ್ನೋಮಿನಲ್ಲಿ ಮೊದಲಿದ್ದ 'ಜಿಡೈಲಾಗ್' ಹೋಗಿ 2003ರಲ್ಲಿ ಗ್ಲಿನ್ ಫಾಸ್ಟರ್ ಬರೆದ 'ಜೆನಿಟಿ' ಬಂತು. ಹೆಸರು ಬರೆಸಿಕೊಳ್ಳಬೇಕೆ, ಕ್ಯಾಲೆಂಡರಿನಲ್ಲಿ ದಿನಾಂಕ ಆರಿಸಬೇಕೆ, ಪಟ್ಟಿಯಲ್ಲಿ ಗುರುತು ಹಾಕಿಸಬೇಕೆ, ಜೆನಿಟಿಗೆ ಎಲ್ಲವೂ ಒಂದೊಂದು ಸಾಲಿನ ಕೆಲಸ.

ನಮ್ಮ ಊರಿನ ಮಹಿಳಾ ಸಮಾಜದ ಪುಸ್ತಕ ಭಂಡಾರದಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದರಲ್ಲಿ ಲಿನಕ್ಸ್ ಇದೆ. ಸಂಜೆ ಬಾಗಿಲು ಹಾಕುವ ಮುನ್ನ ಪುಸ್ತಕಗಳ ಪಟ್ಟಿಯನ್ನು ಪೆನ್ ಡ್ರೈವಿಗೆ ನಕಲು ಮಾಡಿಡಬೇಕು. ಹೊಸ ನಕಲು ಹಳೆಯದರ ಮೇಲೆ ಕೂರುತ್ತದೆ. ಅದಕ್ಕಾಗಿ ನಾನು ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು, ಜೆನಿಟಿಯಿಂದ ಕನ್ನಡದಲ್ಲೇ ಕೇಳಿಸಿದ್ದೇನೆ: "ಹಳೆಯ ಪಟ್ಟಿಯನ್ನು ಅಳಿಸಿ ಹೊಸದನ್ನು ಇಡಲೇ?" ಹಳೆಯ ಅಕ್ಷರಪರದೆಯ ಮೇಲೆ ಹೀಗೆ ಕೇಳಿಸಲು ಆಗುತ್ತಿರಲಿಲ್ಲ, ನಮ್ಮ ಒತ್ತಕ್ಷರ, ಗುಣಿತಗಳನ್ನು ಕೂಡಿಸಿ ಬರೆಯುವುದು ಅದಕ್ಕೆ ಒಗ್ಗದು. ಚಿತ್ರಪರದೆಯ ಕಿಟಕಿ ಬಂದ ಮೇಲೆ, ಯುನಿಕೋಡಿನ ನೆರವಿನಿಂದ, ಯಂತ್ರಕ್ಕೆ ನಮ್ಮ ಭಾಷೆಯಲ್ಲಿ ಪ್ರಶ್ನೆ ಕೇಳುವುದು ಸಾಧ್ಯವಾಯಿತು.

ಸಂಜೆ ಪಾಳಿಗೆ ಬರುವ ಹುಡುಗಿ ಆ ಚೌಕವನ್ನು ನೋಡಿ ಮೊದಲು ಕೇಳಿದ್ದು ಒಂದೇ ಮಾತು: "ಅಕ್ಕಾ, ಬೇಡ ಅಂತ ಒತ್ತಿದರೆ ನಿಜವಾಗ್ಲೂ ಬಿಟ್ಟುಬಿಡುತ್ತಾ?"

ಇಡೀ ವಿಷಯದ ತಿರುಳು ಆ ಪ್ರಶ್ನೆಯಲ್ಲೇ ಇದೆ. ಚೌಕ ಕೇಳುತ್ತದೆ, ಅಷ್ಟೇ, ನಿರ್ಧರಿಸುವುದು ಅದಲ್ಲ. ಗುಂಡಿ ಒತ್ತಿದೊಡನೆ ಅದು ಸ್ಕ್ರಿಪ್ಟಿಗೆ ಒಂದು ಸಂಖ್ಯೆಯನ್ನು ಕೊಟ್ಟು ಮರೆಯಾಗುತ್ತದೆ. ಹೌದು ಎಂದರೆ 0, ಬೇಡ ಎಂದರೆ 1. ಯುನಿಕ್ಸಿನಲ್ಲಿ ಸೊನ್ನೆಯೆಂದರೆ ಎಲ್ಲವೂ ಸರಿ ಎಂದರ್ಥ. ಸರಿಹೋಗುವ ಬಗೆ ಒಂದೇ, ಕೆಡುವ ಬಗೆಗಳು ಹಲವು, ಆದ್ದರಿಂದ ಉಳಿದ ಸಂಖ್ಯೆಗಳೆಲ್ಲ ಕೆಡುಕಿಗೆ. ಸ್ಕ್ರಿಪ್ಟ್ ಬರೆದವರು ಆ ಸಂಖ್ಯೆಯನ್ನು ಪರೀಕ್ಷಿಸದೆ ಮುಂದಿನ ಸಾಲಿನಲ್ಲಿ "ಅಳಿಸು" ಎಂದು ಬರೆದಿದ್ದರೆ ಏನಾಗುತ್ತದೆ? ನೀವು ಬೇಡ ಎಂದಿರುತ್ತೀರಿ, ಚೌಕ ವಿನಯದಿಂದ ಮುಚ್ಚಿಕೊಂಡಿರುತ್ತದೆ, ಅದರ ಹಿಂದೆಯೇ ಪಟ್ಟಿ ಅಳಿಸಿಹೋಗಿರುತ್ತದೆ. ಕೇಳಿದ್ದೂ ಉಂಟು, ಕೇಳಿಸಿಕೊಂಡದ್ದು ಇಲ್ಲ.

ಏನೂ ಹೇಳದೆ ಚೌಕವನ್ನು ಮುಚ್ಚಿಬಿಡುವವರೂ ಇದ್ದಾರೆ. ಎಸ್ಕೇಪ್ ಕೀಲಿ ಒತ್ತಿದರೆ ಡೈಲಾಗ್ 255 ಎಂದು ತಿಳಿಸುತ್ತದೆ. ಜೆನಿಟಿ ಅದನ್ನೂ ಬೇಡ ಎಂದೇ ಎಣಿಸಿ 1 ಕೊಡುತ್ತದೆ. ಆದ್ದರಿಂದ ತಿಳಿದವರು 1 ಬಂದರೆ ನಿಲ್ಲು ಎಂದು ಬರೆಯುವುದಿಲ್ಲ. 0 ಬಂದರೆ ಮಾತ್ರ ಮುಂದುವರಿ ಎಂದು ಬರೆಯುತ್ತಾರೆ. ಮೌನಂ ಸಮ್ಮತಿ ಲಕ್ಷಣಂ ಎಂಬ ನಮ್ಮ ಹಳೆಯ ಮಾತನ್ನು ಇಲ್ಲಿ ಬಾಗಿಲಾಚೆಗೇ ನಿಲ್ಲಿಸಿದ್ದಾರೆ. ಯಾರ ಯಾರ ಮೌನವನ್ನು ಸಮ್ಮತಿಯೆಂದು ಎಣಿಸಿಕೊಂಡು ಎಷ್ಟು ಮದುವೆಗಳು, ಎಷ್ಟು ಆಸ್ತಿಪತ್ರಗಳು ಮುಗಿದುಹೋಗಿವೆಯೋ ಬಲ್ಲವರಾರು! ಯಂತ್ರದ ಶಾಸ್ತ್ರ ಈ ವಿಷಯದಲ್ಲಿ ನಮಗಿಂತ ಮುಂದಿದೆ.

ಇನ್ನೊಂದು ಸೂಕ್ಷ್ಮವೂ ಇದೆ. ಅವಸರದಲ್ಲಿ ಓದದೆ ಎಂಟರ್ ಒತ್ತಿದರೆ ಯಾವ ಗುಂಡಿ ಒತ್ತಿಹೋಗಬೇಕು? ಅದನ್ನು ಮೊದಲೇ ಗೊತ್ತುಮಾಡಿಡಬಹುದು. ಡೈಲಾಗಿನಲ್ಲಿಯೂ ಜೆನಿಟಿಯಲ್ಲಿಯೂ "ಬೇಡ"ವನ್ನೇ ಮುಂದೆ ಮಾಡಿಡುವ ಸೌಲಭ್ಯವಿದೆ. ನಮ್ಮ ಭಂಡಾರದಲ್ಲಿ ಹಾಗೆಯೇ ಇಟ್ಟಿದ್ದೇನೆ. ದಣಿದ ಬೆರಳು ತಪ್ಪಿದರೂ ಹಳೆಯ ಪಟ್ಟಿ ಉಳಿಯಲಿ ಎಂದು.

ಹುಡುಗಿಗೆ ಆ ಸಾಲುಗಳನ್ನು ತೆರೆದು ತೋರಿಸಿದೆ. ಅವಳು ಬೆರಳಿಟ್ಟು ಓದಿದಳು, ಒಮ್ಮೆ "ಬೇಡ" ಒತ್ತಿದಳು, ಪೆನ್ ಡ್ರೈವ್ ತೆರೆದು ಹಳೆಯ ಪಟ್ಟಿ ಇದ್ದ ಹಾಗೇ ಇದೆಯೆಂದು ಕಣ್ಣಾರೆ ನೋಡಿದಳು. ಆಮೇಲೆಯೇ "ಹೌದು" ಒತ್ತಿದ್ದು. ಬೇಡ ಎಂದದ್ದು ನಡೆಯುತ್ತದೆಂದು ಗೊತ್ತಾದ ಮೇಲಷ್ಟೇ ಹೌದು ಎನ್ನುವುದಕ್ಕೆ ಬೆಲೆ.