ಗೆಡ್ಡೆಗೊಂದು ಹೆಸರು, ಮೂರು ಲೆಕ್ಕ

ನಮ್ಮ ಹೆಸರಘಟ್ಟದ ಕಡೆಯಿಂದ ಬೆಂಗಳೂರಿನ ಆ ತುದಿಯ ಕಿದ್ವಾಯಿ ಆಸ್ಪತ್ರೆಗೆ ಹೋಗೋರ ಕೈಯಲ್ಲಿ ಬಯಾಪ್ಸಿ ರಿಪೋರ್ಟ್ ಇರುತ್ತೆ. ಸ್ತನ ಕ್ಯಾನ್ಸರ್ ರಿಪೋರ್ಟಲ್ಲಿ ತೀರಾ ಅಪರೂಪಕ್ಕೆ ಕಾಣೋ ಪದ ‘ನ್ಯೂರೋಎಂಡೋಕ್ರೈನ್’. ಅಂದ್ರೆ ಗೆಡ್ಡೆಯ ಜೀವಕೋಶಗಳಲ್ಲಿ ಹಾರ್ಮೋನ್ ಸ್ರವಿಸೋ ಕೋಶಗಳ ಗುಣ ಇದೆ ಅಂತ.

1907ರಲ್ಲಿ ಜರ್ಮನಿಯ ಓಬರ್ನ್‌ಡಾರ್ಫರ್ ಸಣ್ಣ ಕರುಳಲ್ಲಿ ಇಂಥ ಗೆಡ್ಡೆಗಳನ್ನ ನೋಡಿ ‘ಕಾರ್ಸಿನಾಯ್ಡ್’ ಅಂದ್ರು: ಕ್ಯಾನ್ಸರ್ ಥರ, ಆದ್ರೆ ಅಷ್ಟು ಕೆಟ್ಟದ್ದಲ್ಲ. 1929ರಲ್ಲಿ ಅವರೇ, ಇದು ಹರಡಲೂಬಹುದು ಅಂತ ತಿದ್ದಿದ್ರು. ಹೆಸರು ಮಾತ್ರ ಉಳ್ಕೊಂತು! 1977ರಲ್ಲಿ ನ್ಯೂಯಾರ್ಕಿನ ಕ್ಯುಬಿಲಾ, ವುಡ್ರಫ್ ಸ್ತನದಲ್ಲೇ ಹುಟ್ಟಿದ ಎಂಟು ಗೆಡ್ಡೆಗಳನ್ನ ವರದಿ ಮಾಡಿದ್ರು.

ಕಿದ್ವಾಯಿ ನಡೆಸೋ ಬೆಂಗಳೂರಿನ ಕ್ಯಾನ್ಸರ್ ರಿಜಿಸ್ಟ್ರಿಯ ಲೆಕ್ಕ 1982ರಿಂದ ಇದೆ. ವಿಶ್ವ ಆರೋಗ್ಯ ಸಂಸ್ಥೆ ಈ ಗೆಡ್ಡೆಗೆ ಬೇರೆ ಗುಂಪು ಕೊಟ್ಟಿದ್ದು 2003ರಲ್ಲಿ. ಕ್ರೋಮೋಗ್ರಾನಿನ್, ಸಿನಾಪ್ಟೋಫೈಸಿನ್ ಪತ್ತೆ ಮಾಡೋ ಟೆಸ್ಟಲ್ಲಿ ಅರ್ಧಕ್ಕಿಂತ ಹೆಚ್ಚು ಕೋಶಗಳು ಬಣ್ಣ ಹಿಡೀಬೇಕಿತ್ತು. 2012ರಲ್ಲಿ ಆ ಮಿತಿ ಹೋಯ್ತು, 2019ರಲ್ಲಿ ವಿಂಗಡಣೆ ಮತ್ತೆ ಬದಲಾಯ್ತು. ನಾನು ಬಿಕಾಂ ಓದಿದವನು. ಲೆಡ್ಜರ್ ಹೆಡ್ಡೇ ಹಿಂಗೆ ಬದಲಾಗ್ತಿದ್ರೆ ಹಳೇ ಲೆಕ್ಕ ಹೊಸದಕ್ಕೆ ತಾಳೆಯಾಗಲ್ಲ. ಅದೂ ಅಲ್ದೆ ಈ ಟೆಸ್ಟನ್ನ ಎಲ್ಲರ ಸ್ಲೈಡಿಗೂ ಮಾಡಲ್ಲ. ಹಾಗಾಗಿ ‘ಅಪರೂಪ’ ಅನ್ನೋ ಮಾತನ್ನ ನಾನು ಸ್ವಲ್ಪ ಅನುಮಾನದಿಂದಲೇ ಕೇಳ್ತೀನಿ.

ಆ ಪದ ಕಂಡ್ರೆ ಡಾಕ್ಟರ್ ಶ್ವಾಸಕೋಶ, ಹೊಟ್ಟೆಗೂ ಸ್ಕ್ಯಾನ್ ಬರೀತಾರೆ. ಗಾಬರಿ ಬೇಡ, ಆದ್ರೆ ಬಿಡಲೂಬೇಡಿ. ಗೆಡ್ಡೆ ಅಲ್ಲಿಂದ ಸ್ತನಕ್ಕೆ ಹರಡಿದ್ದಾದ್ರೆ ಚಿಕಿತ್ಸೆಯ ದಾರಿಯೇ ಬೇರೆ.