ಕಲಿಕಾ ನ್ಯೂನತೆಯುಳ್ಳ ಕಾಲೇಜು ವಿದ್ಯಾರ್ಥಿಗಳು: ಟಿಪ್ಪಣಿ ಬರವಣಿಗೆ, ಸಹಾಯಕ ತಂತ್ರಜ್ಞಾನ ಹಾಗೂ ಪ್ರಮಾಣಪತ್ರ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳು ಮತ್ತು ಪೋಷಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1995ರ ಅಂಗವಿಕಲರ ಅಧಿನಿಯಮದಲ್ಲಿ ಕಲಿಕಾ ನ್ಯೂನತೆಯು ಸೇರಿರಲಿಲ್ಲ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಗುರುತಿಸಲಾದ 21 ವಿಧದ ವಿಕಲತೆಗಳಲ್ಲಿ ಇದೂ ಒಂದಾಗಿರುತ್ತದೆ. ಪಾಠ ಅರ್ಥವಾದರೂ ಅದನ್ನು ಕೇಳುತ್ತಲೇ ಬರೆದುಕೊಳ್ಳುವುದು ಇಂತಹ ವಿದ್ಯಾರ್ಥಿಗಳಿಗೆ ಕಷ್ಟಸಾಧ್ಯ. ಇದನ್ನು ಸೋಮಾರಿತನವೆಂದು ಪರಿಗಣಿಸತಕ್ಕದ್ದಲ್ಲ.

ಆದುದರಿಂದ ಕೇಳುವ ಮತ್ತು ಬರೆಯುವ ಕೆಲಸಗಳನ್ನು ಬೇರ್ಪಡಿಸುವುದು ಸೂಕ್ತ. ಉಪನ್ಯಾಸಕರ ಅನುಮತಿ ಪಡೆದು ಮೊಬೈಲ್‌ನಲ್ಲಿ ಪಾಠವನ್ನು ಧ್ವನಿಮುದ್ರಿಸಿಕೊಂಡು, ತರಗತಿಯಲ್ಲಿ ಮುಖ್ಯ ಪದಗಳನ್ನಷ್ಟೇ ಬರೆದು, ಅರ್ಥವಾಗದ ಕಡೆ ಅಂಚಿನಲ್ಲಿ ಧ್ವನಿಮುದ್ರಣದ ನಿಮಿಷವನ್ನು ಗುರುತಿಸಿಕೊಳ್ಳಬಹುದು. ಒಂದು ಗಂಟೆಯ ಪಾಠವನ್ನು ಪೂರ್ತಿಯಾಗಿ ಮತ್ತೆ ಕೇಳುವವರು ವಿರಳ. ಗುರುತಿಸಿದ ಭಾಗವನ್ನು ಅದೇ ದಿನ ಕೇಳಿದರೆ ಸಾಕಾಗುತ್ತದೆ.

ವಾಣಿಜ್ಯ ವಿದ್ಯಾರ್ಥಿಗಳಲ್ಲಿ ಅಂಕಿಗಳು ಅದಲುಬದಲಾಗುವ ಸಮಸ್ಯೆ ಕಂಡುಬರಬಹುದು. 5,640 ಎಂಬುದನ್ನು 5,460 ಎಂದು ನಕಲು ಮಾಡಿದಲ್ಲಿ ತಾಳೆಪಟ್ಟಿ ಹೊಂದುವುದಿಲ್ಲ. ವ್ಯತ್ಯಾಸವಾದ 180 ಅನ್ನು 9ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ. ಹೀಗಾದಾಗ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿವೆಯೇ ಎಂದು ಮೊದಲು ನೋಡುವುದು ಲೆಕ್ಕಿಗರ ಹಳೆಯ ರೂಢಿ. ಚೌಕಳಿ ಹಾಳೆಯಲ್ಲಿ ಮನೆಗೊಂದು ಅಂಕಿ ಬರೆಯುವ ಅಭ್ಯಾಸವೂ ಉಪಯುಕ್ತ.

ಓದುವುದು ಕಷ್ಟವಾದವರು ದೃಷ್ಟಿವಿಕಲರಿಗಾಗಿ ರೂಪಿಸಲಾದ ಉಚಿತ ಎನ್‌ವಿಡಿಎ ತಂತ್ರಾಂಶವನ್ನು ಬಳಸಿ ಕಂಪ್ಯೂಟರ್‌ನಿಂದಲೇ ಪಠ್ಯವನ್ನು ಓದಿಸಿಕೊಳ್ಳಬಹುದು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿರುವ ಟಿಪ್ಪಣಿಗಳನ್ನು ಇದು ಸರಿಯಾಗಿ ಓದಲಾರದು. ಆದ್ದರಿಂದ ಉಪನ್ಯಾಸಕರಿಂದ ಯೂನಿಕೋಡ್ ಪ್ರತಿಯನ್ನೇ ಕೋರತಕ್ಕದ್ದು. ಬರೆಯುವುದು ಕಷ್ಟವಾದವರಿಗೆ ಮೊಬೈಲ್‌ನಲ್ಲಿ ಕನ್ನಡ ಧ್ವನಿ ಬೆರಳಚ್ಚು ಲಭ್ಯವಿದೆ. ಪಾರಿಭಾಷಿಕ ಪದಗಳು ಅದರಲ್ಲಿ ತಪ್ಪಾಗುವುದುಂಟು.

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಮುಂತಾದ ಸೌಲಭ್ಯಗಳಿಗೆ ಅಧಿನಿಯಮದ ಕಲಂ 17ರಲ್ಲಿ ಅವಕಾಶವಿದೆ. ಇವುಗಳನ್ನು ಕೋರುವವರು ಪ್ರಮಾಣಪತ್ರವನ್ನು ಮುಂಚಿತವಾಗಿಯೇ ಹೊಂದಿರುವುದು ಅವಶ್ಯ. 2018ರ ಜನವರಿಯ ಕೇಂದ್ರ ಮಾರ್ಗಸೂಚಿಯಲ್ಲಿ 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆಯನ್ನು ವಿಧಿಸಿ, 18ರಲ್ಲಿ ನೀಡುವ ಪ್ರಮಾಣಪತ್ರಕ್ಕೆ ಜೀವಿತಾವಧಿ ಮಾನ್ಯತೆ ನೀಡಲಾಗಿತ್ತು. ಪ್ರೌಢಶಾಲೆಯಲ್ಲಿ ಪಡೆದ ಪತ್ರವನ್ನೇ ನಂಬಿ ಪದವಿಗೆ ಸೇರಿದವರು ಇದನ್ನು ಕೂಡಲೇ ಪರಿಶೀಲಿಸಿಕೊಳ್ಳತಕ್ಕದ್ದು.

ಯು.ಡಿ.ಐ.ಡಿ. ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. ಇದಕ್ಕೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಅಥವಾ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಕಲಿಕಾ ನ್ಯೂನತೆಯ ಪರೀಕ್ಷೆಯನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನಡೆಸಲಾಗುತ್ತದೆ. ಕೃಷ್ಣರಾಜಪೇಟೆ, ನಾಗಮಂಗಲದಂತಹ ದೂರದ ಊರುಗಳಿಂದ ಬರುವವರು ದಿನಾಂಕವನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳಿತು.